ಉಂಡದ್ದು ಮೈಗೆ ಹತ್ತಬೇಕಾದರೆ

1948. ಯುದ್ಧ ಸೋತ ಜರ್ಮನಿಯಲ್ಲಿ ಬ್ರೆಡ್ಡಿಗೂ ಪಡಿತರ ಚೀಟಿ ಬೇಕಿದ್ದ ಕಾಲ. ಬ್ರಿಟಿಷರ ಆಡಳಿತದಲ್ಲಿದ್ದ ಒಂದು ಊರಿನಲ್ಲಿ ನಗರಸಭೆಯವರು ನಡೆಸುತ್ತಿದ್ದ ಎರಡು ಅನಾಥಾಲಯಗಳಿದ್ದವು. ಒಂದರ ಹೆಸರು ಫೋಗೆಲ್‌ನೆಸ್ಟ್, ಅಂದರೆ ಹಕ್ಕಿಗೂಡು. ಇನ್ನೊಂದು ಬೀನೆನ್‌ಹೌಸ್, ಜೇನುಮನೆ. ಒಂದೊಂದರಲ್ಲೂ 4ರಿಂದ 14 ವರ್ಷದೊಳಗಿನ ಸುಮಾರು 50 ಮಕ್ಕಳು. ಆಹಾರ ವಿಜ್ಞಾನಿ ಎಲ್ಸಿ ವಿಡೋಸನ್ ಕೇಂಬ್ರಿಜ್‌ನಿಂದ ಅಲ್ಲಿಗೆ ಹೋದದ್ದು ಒಂದು ಸರಳ ಪ್ರಶ್ನೆ ಇಟ್ಟುಕೊಂಡು: ಅರೆಹೊಟ್ಟೆಯ ಮಕ್ಕಳಿಗೆ ಬ್ರೆಡ್ಡು ಹೆಚ್ಚಿಗೆ ಕೊಟ್ಟರೆ ಎಷ್ಟು ಬೇಗ ಮೈ ತುಂಬಿಕೊಳ್ಳುತ್ತಾರೆ? ಮೊದಲ ಆರು ತಿಂಗಳು ಎರಡೂ ಕಡೆ ಬರೀ ಪಡಿತರದ ಊಟ, ಹದಿನೈದು ದಿನಕ್ಕೊಮ್ಮೆ ತೂಕ. ಮುಂದಿನ ಆರು ತಿಂಗಳು ಹಕ್ಕಿಗೂಡಿನ ಮಕ್ಕಳಿಗೆ ಮಾತ್ರ ಬೇಕೆಂದಷ್ಟು ಬ್ರೆಡ್ಡು, ಜೊತೆಗೆ ಜಾಮ್, ಕಿತ್ತಳೆ ರಸ.

ಲೆಕ್ಕ ತಲೆಕೆಳಗಾಯಿತು. ಪಡಿತರದ ಊಟವಷ್ಟೇ ಸಿಗುತ್ತಿದ್ದ ಮೊದಲ ಆರು ತಿಂಗಳಲ್ಲಿ ಹಕ್ಕಿಗೂಡಿನ ಮಕ್ಕಳು ಚೆನ್ನಾಗಿ ತೂಕ ಏರಿದರು, ಜೇನುಮನೆಯವರು ಏರಲಿಲ್ಲ. ಎರಡನೇ ಅವಧಿಯಲ್ಲಿ ಬ್ರೆಡ್ಡು, ಜಾಮ್ ಎಲ್ಲ ತಿಂದೂ ಹಕ್ಕಿಗೂಡಿನ ಮಕ್ಕಳ ತೂಕ ಕುಂಟಿತು. ಹಳೆಯ ಪಡಿತರದಲ್ಲೇ ಇದ್ದ ಜೇನುಮನೆಯ ಮಕ್ಕಳು ಅವರನ್ನು ಹಿಂದೆ ಹಾಕಿದರು.

ವಿಡೋಸನ್ ಪ್ರಯೋಗ ಕೆಟ್ಟಿತೆಂದು ಕಡತ ಮುಚ್ಚಿಡಲಿಲ್ಲ. ಕಾರಣ ಹುಡುಕಿದರು. ಸರಿಯಾಗಿ ಆರು ತಿಂಗಳು ತುಂಬುವ ಹೊತ್ತಿಗೆ, ಪ್ರಯೋಗಕ್ಕೆ ಸಂಬಂಧವೇ ಇಲ್ಲದಂತೆ, ಮೇಲ್ವಿಚಾರಕಿಯರ ಬದಲಾವಣೆ ಆಗಿತ್ತು. ಹಕ್ಕಿಗೂಡಿನ ಮಕ್ಕಳನ್ನು ಅಕ್ಕರೆಯಿಂದ ನೋಡಿಕೊಳ್ಳುತ್ತಿದ್ದಾಕೆ ಬಿಟ್ಟುಹೋಗಿದ್ದಳು. ಆ ಜಾಗಕ್ಕೆ ಬಂದವಳು ಜೇನುಮನೆಯ ಗಡಸು ಮೇಲ್ವಿಚಾರಕಿ. ಮಕ್ಕಳನ್ನು ಬೈಯುವುದಕ್ಕೆ ಆಕೆ ಆರಿಸಿಕೊಳ್ಳುತ್ತಿದ್ದದ್ದು ಊಟದ ಹೊತ್ತು. ಒಬ್ಬೊಬ್ಬರನ್ನೇ ಎಲ್ಲರೆದುರು ನಿಲ್ಲಿಸಿ ತರಾಟೆಗೆ ತೆಗೆದುಕೊಂಡು ಮುಗಿಸುವಷ್ಟರಲ್ಲಿ ಸೂಪು ಆರಿ ತಣ್ಣಗಾಗಿರುತ್ತಿತ್ತು, ಮಕ್ಕಳು ಕಣ್ಣೀರಿಡುತ್ತಿದ್ದರು. ಆಕೆಗೆ ಎಂಟು ಮಂದಿ ಮೆಚ್ಚಿನ ಮಕ್ಕಳೂ ಇದ್ದರು. ಅವರನ್ನು ಜೊತೆಯಲ್ಲೇ ಕರೆತಂದಿದ್ದಳು. ಹಕ್ಕಿಗೂಡಿನಲ್ಲಿ ಆ ಎಂಟು ಮಕ್ಕಳು ಮಾತ್ರ ಮೈಕೈ ತುಂಬಿಕೊಂಡರು. 1951ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ವಿಡೋಸನ್ ಇದನ್ನೆಲ್ಲ ಬರೆದರು. ಮಕ್ಕಳ ವೈದ್ಯರು ಈಗಲೂ ಆ ಲೇಖನವನ್ನು ನೆನೆಯುತ್ತಾರೆ.

ಮನೆಯಲ್ಲಿ ಹಿಂಸೆ, ಹಸಿವು, ನಿರ್ಲಕ್ಷ್ಯ ಕಂಡು, ಕೊನೆಗೆ ಆ ಮನೆಯಿಂದಲೇ ಹೊರಗೆ ತರಲ್ಪಟ್ಟ ಮಕ್ಕಳ ಆರೋಗ್ಯದ ವಿಚಾರ ಬಂದಾಗಲೆಲ್ಲ ಮಾತು ಮನಸ್ಸಿನ ಕಡೆಗೇ ಹೊರಳುತ್ತದೆ. ಆಘಾತ, ಖಿನ್ನತೆ, ಕೌನ್ಸೆಲಿಂಗ್. ಅದು ತಪ್ಪೇನಲ್ಲ. ಆದರೆ ಆ ಮಗುವಿನ ಎಲುಬು, ಹಲ್ಲು, ಶ್ವಾಸಕೋಶ, ಹೃದಯಗಳೂ ಆ ಮನೆಯಲ್ಲೇ ಇದ್ದವು.

ಅಮೆರಿಕದಲ್ಲಿ ಇಂಥ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಗೆ ಫಾಸ್ಟರ್ ಕೇರ್ ಎನ್ನುತ್ತಾರೆ. ಇದು ದತ್ತು ಅಲ್ಲ. ಹೆತ್ತವರ ಹಕ್ಕು ಸಾಮಾನ್ಯವಾಗಿ ಪೂರ್ತಿ ಹೋಗಿರುವುದಿಲ್ಲ. ಅವರು ಸುಧಾರಿಸಿದರೆ ಮಗು ವಾಪಸು ಹೋಗಬೇಕು. ಅಲ್ಲಿಯವರೆಗೆ ಸರ್ಕಾರ ಗೊತ್ತುಮಾಡಿದ ಸಾಕುಮನೆಯಲ್ಲಿ, ಕೆಲವೊಮ್ಮೆ ಅಜ್ಜಿ, ಚಿಕ್ಕಮ್ಮನಂಥ ನೆಂಟರಲ್ಲಿ ಇರಬೇಕು. 2023ರ ಸೆಪ್ಟೆಂಬರ್ ಕೊನೆಗೆ ಆ ದೇಶದಲ್ಲಿ ಹೀಗಿದ್ದ ಮಕ್ಕಳ ಸಂಖ್ಯೆ ಸುಮಾರು 3.43 ಲಕ್ಷ. ಮೂವರಲ್ಲಿ ಒಬ್ಬರಷ್ಟು ಮಕ್ಕಳು ನೆಂಟರ ಮನೆಗಳಲ್ಲಿದ್ದರು.

ಈ ಮಕ್ಕಳು ಮೊದಲ ಸಲ ವೈದ್ಯರ ಮುಂದೆ ಕೂತಾಗ ಕಾಣುವುದು ದೊಡ್ಡ ಹೆಸರಿನ ಕಾಯಿಲೆಗಳಲ್ಲ. ಹುಳುಕು ಹಲ್ಲು. ಯಾರೂ ಕೇಳದ ಕೆಮ್ಮು, ಉಬ್ಬಸ. ಮೂರನೇ ತರಗತಿಗೆ ಬಂದರೂ ಯಾರೂ ಗಮನಿಸದ ದೃಷ್ಟಿದೋಷ. ಅರ್ಧಕ್ಕೆ ನಿಂತ ಲಸಿಕೆ. ಅಮೆರಿಕದ ಮಕ್ಕಳ ವೈದ್ಯರ ಸಂಘದ ಪ್ರಕಾರ ಫಾಸ್ಟರ್ ಕೇರ್‌ಗೆ ಬರುವ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿಗೆ ದೀರ್ಘಕಾಲದ ಕಾಯಿಲೆಯೊಂದು ಅಂಟಿಕೊಂಡಿರುತ್ತದೆ. ಹಾಗಾಗಿ ಮಗು ಹೊಸ ಮನೆಗೆ ಬಂದ 72 ಗಂಟೆಯೊಳಗೆ ಒಂದು ತಪಾಸಣೆ, 30 ದಿನದೊಳಗೆ ಅಡಿಯಿಂದ ಮುಡಿವರೆಗಿನ ಪೂರ್ತಿ ಪರೀಕ್ಷೆ ಆಗಲೇಬೇಕೆಂದು ಆ ಸಂಘ ಹೇಳುತ್ತದೆ.

ಸಮಾಜಶಾಸ್ತ್ರಜ್ಞರಾದ ಕ್ರಿಸ್ಟಿನ್ ಟರ್ನಿ ಮತ್ತು ಕ್ರಿಸ್ಟೋಫರ್ ವೈಲ್ಡ್‌ಮನ್ 2016ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇಡೀ ದೇಶದ ಮಕ್ಕಳ ಆರೋಗ್ಯ ಸಮೀಕ್ಷೆಯನ್ನು ಜಾಲಾಡಿತು. ಫಾಸ್ಟರ್ ಕೇರ್‌ನಲ್ಲಿದ್ದ ಮಕ್ಕಳಲ್ಲಿ ಉಬ್ಬಸ ಮತ್ತು ಬೊಜ್ಜು ಇತರ ಮಕ್ಕಳಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ಕಿವಿ, ಕಣ್ಣಿನ ತೊಂದರೆ ಸುಮಾರು ಮೂರು ಪಟ್ಟು. ಖಿನ್ನತೆ ಏಳು ಪಟ್ಟು. ‘ಬಡತನವೇ ಕಾರಣ ಬಿಡಿ’ ಎನ್ನುವವರಿಗೂ ಅದರಲ್ಲಿ ಉತ್ತರವಿದೆ. ಬಡ ಮನೆಗಳ ಮಕ್ಕಳು, ಒಂಟಿ ತಾಯಿ ಬೆಳೆಸಿದ ಮಕ್ಕಳ ಪಕ್ಕದಲ್ಲಿಟ್ಟು ನೋಡಿದರೂ ಇವರ ಆರೋಗ್ಯ ಹಿಂದೆಯೇ ಉಳಿದಿತ್ತು.

ಬೊಜ್ಜು ಹೇಗೆ ಬಂತು, ಹಸಿದ ಮಕ್ಕಳಲ್ಲವೇ ಇವರು ಎಂದು ಯಾರಿಗಾದರೂ ಅನಿಸಬಹುದು. ಸಾಕುತಾಯಂದಿರಿಗೆ ಇದರ ಗುಟ್ಟು ಗೊತ್ತು. ಹೊಸದಾಗಿ ಬಂದ ಮಗುವಿನ ದಿಂಬಿನಡಿ ಬ್ರೆಡ್ಡಿನ ಚೂರು ಸಿಗುತ್ತದೆ, ಬಟ್ಟೆಯ ಕಪಾಟಿನಲ್ಲಿ ಬಿಸ್ಕತ್ತಿನ ಪೊಟ್ಟಣ. ತಟ್ಟೆಯಲ್ಲಿರುವುದನ್ನು ಉಸಿರಾಡದೆ ನುಂಗಿ ಮತ್ತೆ ಕೇಳುತ್ತದೆ, ಹೊಟ್ಟೆ ತುಂಬಿತೆಂಬುದೇ ಅದಕ್ಕೆ ತಿಳಿಯುವುದಿಲ್ಲ. ನಾಳೆ ಊಟ ಇದೆಯೆಂಬ ಗ್ಯಾರಂಟಿ ಇಲ್ಲದೆ ಬೆಳೆದ ಮಗು ಸಿಕ್ಕಾಗ ಉಣ್ಣುತ್ತದೆ. ಬೈದು, ಕಪಾಟಿಗೆ ಬೀಗ ಹಾಕಿದರೆ ಚಟ ಇನ್ನಷ್ಟು ಬಿಗಿಯಾಗುತ್ತದೆ. ಅದಕ್ಕೇ ಅನುಭವಸ್ಥರು ಹೇಳುವ ಉಪಾಯ ಬೇರೆ: ಮಗುವಿನ ಕೋಣೆಯಲ್ಲೇ ಹಣ್ಣು, ತಿಂಡಿಯ ಒಂದು ಬುಟ್ಟಿ ಇಡಿ, ಅದು ಖಾಲಿಯಾದಾಗಲೆಲ್ಲ ತುಂಬಿಸಿ, ಯಾವಾಗ ತಿಂದೆ ಎಂದು ಕೇಳಬೇಡಿ.

ಭಯ ಮೈಯೊಳಗೆ ಇಳಿಯುವ ದಾರಿ ಈಗ ಸಾಕಷ್ಟು ಮಟ್ಟಿಗೆ ತಿಳಿದಿದೆ. ಅಪಾಯ ಕಂಡಾಗ ಮೆದುಳು ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳಿಗೆ ಸುದ್ದಿ ಮುಟ್ಟಿಸುತ್ತದೆ, ಅವು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಸಕ್ಕರೆ ಏರುತ್ತದೆ, ಮೈ ಓಡಲು, ಹೋರಾಡಲು ಸಜ್ಜಾಗುತ್ತದೆ. ಬೆಳವಣಿಗೆ, ಜೀರ್ಣ, ಗಾಯ ಮಾಯುವುದು, ಇವೆಲ್ಲ ಆ ಹೊತ್ತಿಗೆ ಹಿಂದೆ ಸರಿಯುತ್ತವೆ. ನಾಯಿ ಅಟ್ಟಿಸಿಕೊಂಡು ಬಂದ ಹತ್ತು ನಿಮಿಷಕ್ಕೆ ಇದು ವರ. ಅಪಾಯ ಮನೆಯಲ್ಲೇ ವಾಸವಾಗಿದ್ದರೆ? ಆರೋಗ್ಯವಂತರಲ್ಲಿ ಕಾರ್ಟಿಸಾಲ್ ಬೆಳಿಗ್ಗೆ ಏಳುವಾಗ ಹೆಚ್ಚಿದ್ದು ರಾತ್ರಿಯ ಹೊತ್ತಿಗೆ ಇಳಿಯುತ್ತದೆ. ನಿರ್ಲಕ್ಷ್ಯಕ್ಕೆ ಒಳಗಾದ ಎಷ್ಟೋ ಎಳೆಯ ಮಕ್ಕಳಲ್ಲಿ ಬೆಳಗಿನ ಆ ಏರಿಕೆಯೇ ಕಾಣದೆ ದಿನವಿಡೀ ಒಂದೇ ಮಟ್ಟ ಇರುವುದನ್ನು ಜೊಲ್ಲಿನ ಪರೀಕ್ಷೆಗಳು ತೋರಿಸಿವೆ. ಇನ್ನು ನಿದ್ದೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಬಿಡುಗಡೆಯಾಗುವುದು ಗಾಢ ನಿದ್ದೆಯಲ್ಲಿ. ರಾತ್ರಿ ಬಾಗಿಲ ಸದ್ದಿಗೆ ಕಿವಿಗೊಟ್ಟು ಮಲಗುವ ಮಗುವಿಗೆ ಗಾಢ ನಿದ್ದೆ ಎಲ್ಲಿಂದ ಬರಬೇಕು?

ಇದು ಬಾಲ್ಯಕ್ಕೇ ಮುಗಿಯುವುದೂ ಇಲ್ಲ. ನ್ಯೂಜಿಲೆಂಡಿನ ಡುನೆಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ವಿಜ್ಞಾನಿಗಳು ಇಂದಿಗೂ ಹಿಂಬಾಲಿಸುತ್ತಿದ್ದಾರೆ. ಮೊದಲ ಹತ್ತು ವರ್ಷದಲ್ಲಿ ಹಿಂಸೆ, ತಿರಸ್ಕಾರ ಅನುಭವಿಸಿದವರ ರಕ್ತವನ್ನು 32ನೇ ವಯಸ್ಸಿನಲ್ಲಿ ಪರೀಕ್ಷಿಸಿದಾಗ ಉರಿಯೂತದ ಗುರುತುಗಳು ಹೆಚ್ಚಿದ್ದವು. ಸಿಗರೇಟು, ಊಟದ ಅಭ್ಯಾಸ, ದೊಡ್ಡವರಾದ ಮೇಲಿನ ಒತ್ತಡ ಎಲ್ಲವನ್ನೂ ಲೆಕ್ಕದಿಂದ ಕಳೆದ ಮೇಲೂ ವ್ಯತ್ಯಾಸ ಉಳಿಯಿತು. ಹೃದಯಾಘಾತದ ಅಪಾಯ ಅಳೆಯಲು ವೈದ್ಯರು ನೋಡುವ ಗುರುತುಗಳೂ ಅವೇ.

ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಪ್ರಸಿದ್ಧವಾದದ್ದು 1998ರ ಕ್ಯಾಲಿಫೋರ್ನಿಯಾ ಅಧ್ಯಯನ. ಸ್ಯಾನ್ ಡಿಯೇಗೊದ ಕೈಸರ್ ಪರ್ಮನೆಂಟೆ ಆಸ್ಪತ್ರೆ ಜಾಲದ ವಿನ್ಸೆಂಟ್ ಫೆಲಿಟ್ಟಿ ಬೊಜ್ಜಿನ ಚಿಕಿತ್ಸೆ ಕೊಡುತ್ತಿದ್ದರು. ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ಅರ್ಧದಲ್ಲಿ ಬಿಟ್ಟು ಹೋಗುತ್ತಿದ್ದದ್ದು ಅವರಿಗೆ ಒಗಟಾಗಿತ್ತು. ಬಿಟ್ಟುಹೋದವರನ್ನು ಕೂರಿಸಿ ಮಾತಾಡಿಸಿದಾಗ ಒಬ್ಬರಾದ ಮೇಲೊಬ್ಬರು ಬಾಲ್ಯದ ದೌರ್ಜನ್ಯದ ಕಥೆ ಬಿಚ್ಚಿದರು. ಅಲ್ಲಿಂದ ಹುಟ್ಟಿದ್ದು ಸಂಶೋಧಕ ರಾಬರ್ಟ್ ಆಂಡಾ ಜೊತೆ ನಡೆಸಿದ, ಚಿಕ್ಕದಾಗಿ ‘ಏಸ್’ ಎಂದು ಕರೆಯುವ ಸಮೀಕ್ಷೆ. ಬಾಲ್ಯದ ಕಹಿ ಅನುಭವಗಳಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಗಳನ್ನು ಕಂಡವರಿಗೆ, ಒಂದನ್ನೂ ಕಾಣದವರಿಗೆ ಹೋಲಿಸಿದರೆ, ಹೃದ್ರೋಗದ ಸಾಧ್ಯತೆ 2.2 ಪಟ್ಟು, ಪಾರ್ಶ್ವವಾಯು 2.4 ಪಟ್ಟು, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ 3.9 ಪಟ್ಟು ಇತ್ತು. ಅದಾದ ಮೇಲೆ ಈ ‘ಏಸ್ ಸ್ಕೋರ್’ ಜಾತಕದ ಹಾಗೆ ಹರಡಿತು. ಅಂತರ್ಜಾಲದಲ್ಲಿ ಹತ್ತು ಪ್ರಶ್ನೆಗೆ ಉತ್ತರಿಸಿ ತಮ್ಮ ಆಯುಸ್ಸಿನ ಲೆಕ್ಕ ಹಾಕಿಕೊಳ್ಳುವವರೂ ಇದ್ದಾರೆ. ಆಂಡಾ ಅವರೇ 2020ರಲ್ಲಿ ಇದಕ್ಕೆ ತಡೆ ಹೇಳಿದರು: ಈ ಅಂಕೆ ಜನಸಮೂಹದ ಲೆಕ್ಕಕ್ಕೆ ಸರಿ, ಒಬ್ಬ ವ್ಯಕ್ತಿಯ ಭವಿಷ್ಯ ಹೇಳಲು ಅಲ್ಲ. ಫಾಸ್ಟರ್ ಕೇರ್‌ನ ಮಗುವಿಗಂತೂ ಈ ಎಚ್ಚರ ತೀರಾ ಅಗತ್ಯ. ಹಣೆಯ ಮೇಲೆ ಅಂಕೆ ಬರೆದು ಕಳಿಸಿದರೆ ಅದನ್ನು ಸಾಕಲು ಯಾರು ಮುಂದೆ ಬಂದಾರು?

ಹಾಗಾದರೆ ಕೆಟ್ಟದ್ದು ರಿಪೇರಿ ಆಗುತ್ತದೆಯೇ? ಸಮೀಕ್ಷೆಗಳಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ಒಳ್ಳೆಯ ಸಾಕುಮನೆಗೆ ಹೋದ ಮಕ್ಕಳು ಮೊದಲೇ ಗಟ್ಟಿಮುಟ್ಟಾಗಿದ್ದಿರಬಹುದು, ಮುದ್ದಾಗಿ ಕಂಡದ್ದಕ್ಕೇ ಆಯ್ಕೆಯಾಗಿರಬಹುದು. ನಿಜ ತಿಳಿಯಬೇಕಾದರೆ ಚೀಟಿ ಎತ್ತಿ ಮಕ್ಕಳನ್ನು ಎರಡು ಪಾಲು ಮಾಡಬೇಕು. ಅಂಥದ್ದನ್ನು ಯಾರು ಮಾಡಿಯಾರು? ರುಮೇನಿಯಾದಲ್ಲಿ ಮಾಡಿದರು.

ಅದರ ಹಿನ್ನೆಲೆ ಘೋರವಾದದ್ದು. ದೇಶದ ಜನಸಂಖ್ಯೆ ಹೆಚ್ಚಿಸಬೇಕೆಂದು ಸರ್ವಾಧಿಕಾರಿ ನಿಕೊಲಾಯ್ ಚೌಶೆಸ್ಕು 1966ರಲ್ಲಿ ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿದ, ಗರ್ಭನಿರೋಧಕಗಳು ಸಿಗದಂತೆ ಮಾಡಿದ. ಮಕ್ಕಳಿಲ್ಲದವರಿಗೆ ತೆರಿಗೆ ಹಾಕಿದ. ಕಾರ್ಖಾನೆಗಳಿಗೇ ವೈದ್ಯರನ್ನು ಕಳಿಸಿ ಹೆಂಗಸರ ಬಸಿರು ತಪಾಸಣೆ ಮಾಡಿಸಿದ. ಸಾಕಲಾರದೆ ಜನ ಮಕ್ಕಳನ್ನು ಸರ್ಕಾರಿ ಅನಾಥಾಲಯಗಳಿಗೆ ಒಪ್ಪಿಸಿದರು. ಸರ್ಕಾರವೂ ಅದನ್ನೇ ಹೇಳುತ್ತಿತ್ತು. 1989ರ ಡಿಸೆಂಬರಿನಲ್ಲಿ ಚೌಶೆಸ್ಕು ಆಡಳಿತ ಉರುಳಿಬಿದ್ದಾಗ 1.7 ಲಕ್ಷಕ್ಕೂ ಹೆಚ್ಚು ಮಕ್ಕಳು ಇಂಥ ಸಂಸ್ಥೆಗಳಲ್ಲಿದ್ದರು. ಅವರಲ್ಲಿ ಬಹುಪಾಲು ಮಕ್ಕಳಿಗೆ ಹೆತ್ತವರು ಬದುಕಿದ್ದರು.

ಮುಂದೆ ಹಾರ್ವರ್ಡ್ ಸೇರಿದ ಚಾರ್ಲ್ಸ್ ನೆಲ್ಸನ್, ಮೇರಿಲ್ಯಾಂಡ್‌ನ ನೇತನ್ ಫಾಕ್ಸ್, ಟುಲೇನ್‌ನ ಚಾರ್ಲ್ಸ್ ಜೀನಾ ಎಂಬ ಮೂವರು ವಿಜ್ಞಾನಿಗಳು ಸುಮಾರು ಹತ್ತು ವರ್ಷದ ಮೇಲೆ ರಾಜಧಾನಿ ಬುಖಾರೆಸ್ಟ್‌ಗೆ ಬಂದರು. ಅಷ್ಟರಲ್ಲಿ ಅನಾಥಾಲಯಗಳಲ್ಲಿ ಹೊಟ್ಟೆಗಿಲ್ಲದ ಕಾಲ ಕಳೆದಿತ್ತು. ಇಲ್ಲದ್ದು ಜನ. ಒಬ್ಬ ಆಯಾಗೆ 12ರಿಂದ 15 ಕೂಸುಗಳು. ಪಾಳಿ ಮುಗಿದರೆ ಇನ್ನೊಬ್ಬಳು ಬರುತ್ತಿದ್ದಳು. ಹಾಲು, ಲಂಗೋಟಿ, ಸ್ನಾನ ಎಲ್ಲವೂ ಗಂಟೆ ಹೊಡೆದ ಹಾಗೆ, ಎಲ್ಲರಿಗೂ ಒಟ್ಟಿಗೆ. ತೊಟ್ಟಿಲಲ್ಲಿ ಕೂಸುಗಳು ತಮ್ಮಷ್ಟಕ್ಕೆ ತಾವೇ ಮೈ ತೂಗಿಕೊಳ್ಳುತ್ತಿದ್ದವು, ಕೆಲವು ತಲೆ ಚಚ್ಚಿಕೊಳ್ಳುತ್ತಿದ್ದವು. ಅಳು ಮಾತ್ರ ಕಡಿಮೆ. ಅತ್ತರೆ ಯಾರೂ ಬರುವುದಿಲ್ಲವೆಂದು ಆರೇಳು ತಿಂಗಳ ಕೂಸೂ ಕಲಿತುಬಿಡುತ್ತದೆ.

ಆರು ಸಂಸ್ಥೆಗಳಿಂದ 136 ಮಕ್ಕಳು. ವಯಸ್ಸು 6ರಿಂದ 31 ತಿಂಗಳು. ಚೀಟಿ ಎತ್ತಿದ ಹಾಗೆ 68 ಮಕ್ಕಳು ಸಾಕುಮನೆಗಳಿಗೆ, 68 ಮಕ್ಕಳು ಇದ್ದಲ್ಲೇ. ಹೋಲಿಕೆಗೆ ಊರಿನ ಮಾಮೂಲಿ ಮನೆಗಳ 72 ಮಕ್ಕಳು. ಆಗ ಬುಖಾರೆಸ್ಟ್‌ನಲ್ಲಿ ಫಾಸ್ಟರ್ ಕೇರ್ ಎಂಬುದು ಇಲ್ಲವೆನ್ನುವಷ್ಟು ಅಪರೂಪ. ವಿಜ್ಞಾನಿಗಳೇ 56 ಕುಟುಂಬಗಳನ್ನು ಹುಡುಕಿ, ತರಬೇತಿ ಕೊಟ್ಟು, ಸಂಬಳ ಕೊಟ್ಟು, ಬೆನ್ನಿಗೆ ಸಮಾಜ ಕಾರ್ಯಕರ್ತರನ್ನೂ ನೇಮಿಸಿದರು.

ಅರ್ಧದಷ್ಟು ಮಕ್ಕಳನ್ನು ಅನಾಥಾಲಯದಲ್ಲೇ ಬಿಟ್ಟದ್ದು ಸರಿಯೇ ಎಂಬ ಪ್ರಶ್ನೆ ಅಂದೇ ಎದ್ದಿತು, ಇನ್ನೂ ಇಳಿದಿಲ್ಲ. ವಿಜ್ಞಾನಿಗಳ ಸಮಜಾಯಿಷಿ ಹೀಗಿತ್ತು: ಪ್ರಯೋಗ ಇಲ್ಲದಿದ್ದರೆ 136 ಮಕ್ಕಳೂ ಅಲ್ಲೇ ಇರುತ್ತಿದ್ದರು; ಯಾವ ಮಗುವಿಗಾದರೂ ಹೆತ್ತವರು, ದತ್ತು ಪಡೆಯುವವರು ಅಥವಾ ಸರ್ಕಾರದ ಸಾಕುಮನೆ ಸಿಕ್ಕರೆ ಪ್ರಯೋಗದ ಹೆಸರಿನಲ್ಲಿ ತಡೆಯುವುದಿಲ್ಲ. ಹಾಗೆಯೇ ನಡೆದುಕೊಂಡರು ಕೂಡ. ಉತ್ತರ ಒಪ್ಪುವಂಥದ್ದೇ. ಆದರೂ ಚೀಟಿಯಲ್ಲಿ ಹೆಸರು ಬರದ ಮಕ್ಕಳನ್ನು ನೆನೆದರೆ ಮನಸ್ಸು ಕಸಿವಿಸಿಗೊಳ್ಳುತ್ತದೆ.

ಫಲಿತಾಂಶದಲ್ಲಿ ಪತ್ರಿಕೆಗಳ ತಲೆಬರಹಕ್ಕೆ ಬಂದದ್ದು ಬುದ್ಧಿಮತ್ತೆ. 2007ರಲ್ಲಿ ‘ಸೈನ್ಸ್’ ಪತ್ರಿಕೆಯ ವರದಿಯಂತೆ ನಾಲ್ಕೂವರೆ ವರ್ಷಕ್ಕೆ ಅನಾಥಾಲಯದ ಮಕ್ಕಳ ಸರಾಸರಿ ಐಕ್ಯೂ 73, ಸಾಕುಮನೆಯ ಮಕ್ಕಳದ್ದು 81, ತಮ್ಮ ಮನೆಗಳಲ್ಲೇ ಬೆಳೆದವರದ್ದು 109. ಮೈಯ ಕಥೆ ಇದಕ್ಕಿಂತ ನಾಟಕೀಯ. ಸಾಕುಮನೆಗೆ ಹೋದ ಒಂದೇ ವರ್ಷದಲ್ಲಿ ಆ ಮಕ್ಕಳ ಎತ್ತರವೆಲ್ಲ ಮಾಮೂಲಿ ಮಿತಿಗೆ ಬಂತು, ಹತ್ತರಲ್ಲಿ ಒಂಬತ್ತು ಮಕ್ಕಳ ತೂಕವೂ ಬಂತು. ಆಯಾ ಅಥವಾ ಸಾಕುತಾಯಿ ಮಗುವಿಗೆ ಸ್ಪಂದಿಸುವ ರೀತಿಯನ್ನು ವಿಡಿಯೊ ಮಾಡಿ ಅಂಕ ಕೊಟ್ಟಿದ್ದರು. ಆ ಅಂಕ ಹೆಚ್ಚಿದ್ದಲ್ಲಿ ಬೆಳವಣಿಗೆಯೂ ಚುರುಕಾಗಿತ್ತು. ಎತ್ತರ ಹೆಚ್ಚು ಚೇತರಿಸಿಕೊಂಡ ಮಕ್ಕಳ ಮಾತಿನ ಬುದ್ಧಿಯೂ ಹೆಚ್ಚು ಚೇತರಿಸಿಕೊಂಡಿತ್ತು. ತಲೆಯ ಸುತ್ತಳತೆ ಮಾತ್ರ ಹಾಗೆ ಓಡಿಬಂದು ಕೂಡಿಕೊಳ್ಳಲಿಲ್ಲ.

ಮಕ್ಕಳು 12ನೇ ವಯಸ್ಸಿನ ಹತ್ತಿರ ಬಂದಾಗ ಕೇಟಿ ಮೆಕ್‌ಲಾಫ್ಲಿನ್ ಮತ್ತು ಸಂಗಡಿಗರು ಇನ್ನೊಂದು ಪರೀಕ್ಷೆ ಇಟ್ಟರು. ಅಪರಿಚಿತರ ಮುಂದೆ ಮಾತಾಡುವಂಥ, ಯಾರಿಗಾದರೂ ಎದೆ ಡವಡವ ಎನಿಸುವಂಥ ಕೆಲಸ ಕೊಟ್ಟು ಹೃದಯದ ಬಡಿತ, ರಕ್ತದೊತ್ತಡ, ಕಾರ್ಟಿಸಾಲ್ ಅಳೆದರು. ಚೀಟಿಯಲ್ಲಿ ಅನಾಥಾಲಯದ ಪಾಲಿಗೆ ಬಂದಿದ್ದವರ ಮೈ ಮಂದವಾಗಿ ಉತ್ತರಿಸಿತು. ಎಚ್ಚರದ ಗಂಟೆಯೇ ಸರಿಯಾಗಿ ಮೊಳಗುತ್ತಿರಲಿಲ್ಲ. ಎರಡು ವರ್ಷ ತುಂಬುವ ಮೊದಲು, ಕಾರ್ಟಿಸಾಲ್ ವಿಷಯದಲ್ಲಿ ಒಂದೂವರೆ ವರ್ಷಕ್ಕೂ ಮೊದಲು, ಸಾಕುಮನೆ ಸೇರಿದ್ದವರ ಮೈ ಮಾತ್ರ ಊರಿನ ಮಕ್ಕಳ ಮೈಯಂತೆಯೇ ನಡೆದುಕೊಂಡಿತು. ಅನಾಥಾಲಯದಲ್ಲಿ ಹೆಚ್ಚು ಕಾಲ ಕಳೆದ ಮಕ್ಕಳ ಜೀವಕೋಶಗಳಲ್ಲಿ ವರ್ಣತಂತುಗಳ ತುದಿಯಲ್ಲಿರುವ ಟೆಲೊಮಿಯರ್ ಹೆಚ್ಚು ಗಿಡ್ಡವಾಗಿದ್ದದ್ದನ್ನು ಸ್ಟೇಸಿ ಡ್ರೂರಿ ತಂಡ 2012ರಲ್ಲಿ ವರದಿ ಮಾಡಿತ್ತು. ವಯಸ್ಸಾದಂತೆ ಸವೆಯುವ ಭಾಗ ಅದು.

ರುಮೇನಿಯಾ 2004ರ ಕಾನೂನಿನಲ್ಲಿ ಎರಡು ವರ್ಷದೊಳಗಿನ ಮಕ್ಕಳನ್ನು ಸಂಸ್ಥೆಗಳಲ್ಲಿ ಇಡುವುದನ್ನು ನಿಷೇಧಿಸಿತು. ತೀವ್ರ ಅಂಗವೈಕಲ್ಯವಿದ್ದ ಮಕ್ಕಳಿಗೆ ಮಾತ್ರ ವಿನಾಯಿತಿ.

ನಮ್ಮಲ್ಲಿ ತಬ್ಬಲಿ ಮಕ್ಕಳು ಅಜ್ಜಿಯ ಮನೆಯಲ್ಲೋ ಸೋದರಮಾವನ ಮನೆಯಲ್ಲೋ ಬೆಳೆಯುವುದು ಹೊಸದಲ್ಲ. ಯಾರೂ ಇಲ್ಲದವರಿಗೆ ಸರ್ಕಾರಿ ಬಾಲಮಂದಿರ ಅಥವಾ ಖಾಸಗಿ ಸಂಸ್ಥೆ. 2015ರ ಬಾಲನ್ಯಾಯ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿ ಮಗುವನ್ನು ಪೋಷಕ ಕುಟುಂಬಕ್ಕೆ ಒಪ್ಪಿಸಬಹುದು. ಅಕ್ಕ ತಮ್ಮಂದಿರನ್ನು ಸಾಧ್ಯವಾದಷ್ಟು ಒಂದೇ ಮನೆಯಲ್ಲಿಡಬೇಕು, ಸಮಿತಿಯವರು ತಿಂಗಳಿಗೊಮ್ಮೆ ಹೋಗಿ ಮಗುವನ್ನು ನೋಡಿಬರಬೇಕು ಎಂದೂ ಅದರಲ್ಲಿದೆ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. 2024ರ ಹೊಸ ಮಾರ್ಗಸೂಚಿ ಒಂಟಿಯಾಗಿರುವವರೂ ಮಗುವನ್ನು ಸಾಕಲು ಅವಕಾಶ ಕೊಟ್ಟಿದೆ. ಇಂಥ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ತರಬೇತಿ ಕೊಡಲು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ‘ಸಂವಾದ್’ ಎಂಬ ವಿಭಾಗವೇ ಇದೆ. ಅಂಗನವಾಡಿಯಲ್ಲಿ ಮಗುವಿನ ತೂಕ, ಎತ್ತರ ಅಳೆದು ಪಟ್ಟಿಯಲ್ಲಿ ಗುರುತು ಹಾಕುವ ಪದ್ಧತಿಯಂತೂ ಎಲ್ಲರಿಗೂ ಗೊತ್ತು. ಗೆರೆ ಕೆಳಗಿಳಿದರೆ ಮೊದಲ ಪ್ರಶ್ನೆ, ಮಗು ಏನು ತಿನ್ನುತ್ತಿದೆ. ಊಟಕ್ಕೆ ಕೂತಾಗ ಎದುರಿಗೆ ಯಾರಿರುತ್ತಾರೆ ಎಂದೂ ಕೇಳಬಹುದು. ಆ ಪ್ರಶ್ನೆಗೆ ಪಟ್ಟಿಯಲ್ಲಿ ಕಾಲಂ ಇಲ್ಲ.

ಕುಟುಂಬ ಸಿಕ್ಕಿತೆಂದರೆ ಕೆಲಸ ಮುಗಿಯಿತೇ? ಇಲ್ಲಿಯೇ ಅಮೆರಿಕದ ವ್ಯವಸ್ಥೆ ಎಡವುತ್ತದೆ. ಅಲ್ಲಿ ಮಗು ಒಂದು ಮನೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸಾಗುತ್ತಲೇ ಇರಬಹುದು. ಒರೆಗಾನ್ ರಾಜ್ಯದಲ್ಲಿ ಮನಶ್ಶಾಸ್ತ್ರಜ್ಞ ಫಿಲಿಪ್ ಫಿಶರ್ ಮತ್ತು ಸಂಗಡಿಗರು ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಸಾಕುಮಕ್ಕಳ ಕಾರ್ಟಿಸಾಲನ್ನು ತಿಂಗಳುಗಟ್ಟಲೆ ಅಳೆದರು. ಮಾಮೂಲಿ ಫಾಸ್ಟರ್ ಕೇರ್‌ನಲ್ಲಿ ಮನೆ ಬದಲಾದಾಗ ಮಕ್ಕಳ ಬೆಳಗಿನ ಕಾರ್ಟಿಸಾಲ್ ಇನ್ನಷ್ಟು ಮಂಕಾಗುತ್ತಿತ್ತು. ಸಾಕುವವರಿಗೆ ಬಿಡದೆ ತರಬೇತಿ, ಯಾವ ಹೊತ್ತಿಗೂ ಫೋನಿನಲ್ಲಿ ಸಿಗುವ ಸಹಾಯ ಇದ್ದ ಮನೆಗಳ ಮಕ್ಕಳಲ್ಲಿ ಆ ಪೆಟ್ಟು ಅಷ್ಟಾಗಿ ಕಾಣಲಿಲ್ಲ. ಬುಖಾರೆಸ್ಟ್‌ನಲ್ಲೂ ಅದೇ. 12ನೇ ವಯಸ್ಸಿನವರೆಗೆ ಮೊದಲ ಸಾಕುಮನೆಯಲ್ಲೇ ಉಳಿದವರ ಬುದ್ಧಿಮತ್ತೆ ಮನೆ ಬದಲಾದವರಿಗಿಂತ ಮೇಲಿತ್ತು.

ಡೆಲವೇರ್ ವಿಶ್ವವಿದ್ಯಾಲಯದ ಮೇರಿ ಡೋಜಿಯರ್ ಹಿಡಿದ ದಾರಿ ಇನ್ನೂ ಸರಳ. ಸಾಕುತಾಯಿಯ ಮನೆಗೇ ತರಬೇತುದಾರರು ಹೋಗಿ ಕೂರುತ್ತಾರೆ, ಹತ್ತು ಸಲ. ಬಹಳ ನೋವುಂಡ ಕೂಸು ಎತ್ತಿಕೊಳ್ಳಲು ಹೋದವರನ್ನೇ ದೂಡುತ್ತದೆ, ಬಿದ್ದು ಮೊಣಕಾಲು ಕೆತ್ತಿಹೋದರೂ ಅಳದೆ ಎದ್ದು ಹೋಗುತ್ತದೆ. ‘ಇದಕ್ಕೆ ನಾನು ಬೇಡ’ ಎಂದು ಸಾಕುತಾಯಿ ಕೈಬಿಡುತ್ತಾಳೆ. ದೂಡಿದರೂ ಹತ್ತಿರ ಹೋಗಿ ಎಂಬುದೇ ಪಾಠದ ತಿರುಳು. ಅದು ಆಡುವ ಆಟದ ಹಿಂದೆ ನೀವು ಹೋಗಿ. ಅದನ್ನು ಹೆದರಿಸಬೇಡಿ, ತಮಾಷೆಗೂ. ಹತ್ತು ಭೇಟಿಯ ಈ ಪಾಠ ಮಕ್ಕಳ ಕಾರ್ಟಿಸಾಲನ್ನು ಮಾಮೂಲಿಗೆ ಹತ್ತಿರ ತಂದದ್ದನ್ನು ಅವರ ಅಧ್ಯಯನಗಳು ತೋರಿಸಿವೆ.

ಮನೆ ಬದಲಾದಾಗ ಹಾಳಾಗುವುದು ಹಾರ್ಮೋನು ಒಂದೇ ಅಲ್ಲ. ಕಾಗದಪತ್ರವೂ. ಉಬ್ಬಸದ ಇನ್‌ಹೇಲರ್ ಹಳೆಯ ಮನೆಯ ಕಪಾಟಿನಲ್ಲೇ ಉಳಿಯುತ್ತದೆ. ಕನ್ನಡಕ ಒಡೆದರೆ ಯಾರ ಸಹಿ ಬೇಕೆಂದು ತಿಳಿಯಲು ವಾರಗಳು. ಲಸಿಕೆಯ ಚೀಟಿ ಸಿಗದೆ ಹಾಕಿದ್ದನ್ನೇ ಮತ್ತೆ ಹಾಕುತ್ತಾರೆ. ಪೆನಿಸಿಲಿನ್ ಒಗ್ಗುವುದಿಲ್ಲವೆಂದು ಯಾರಿಗೆ ಗೊತ್ತಿತ್ತೋ ಅವರು ಈಗ ಜೊತೆಯಲ್ಲಿಲ್ಲ. ಸಾಮಾನ್ಯ ಮನೆಯಲ್ಲಿ ಇದನ್ನೆಲ್ಲ ಅಮ್ಮನ ತಲೆಯೇ ಹೊತ್ತಿರುತ್ತದೆ. ‘ಇವನಿಗೆ ಚಿಕ್ಕಂದಿನಲ್ಲಿ ನ್ಯುಮೋನಿಯಾ ಆಗಿತ್ತು ಡಾಕ್ಟ್ರೇ’ ಎನ್ನಲು ಒಬ್ಬರಿರುತ್ತಾರೆ. ಟೆಕ್ಸಾಸ್ ರಾಜ್ಯ 2008ರಲ್ಲಿ ತನ್ನ ಸಾಕುಮಕ್ಕಳಿಗೆಲ್ಲ ‘ಹೆಲ್ತ್ ಪಾಸ್‌ಪೋರ್ಟ್’ ಎಂಬ ಕಂಪ್ಯೂಟರ್ ದಾಖಲೆ ಶುರುಮಾಡಿತು. ಮಗು ಎಲ್ಲಿ ಹೋದರೂ ಲಸಿಕೆ, ಔಷಧಿ, ಆಸ್ಪತ್ರೆ ಭೇಟಿಗಳ ಮಾಹಿತಿ ಅಲ್ಲಿನ ವೈದ್ಯರಿಗೆ ಸಿಗಬೇಕೆಂಬುದು ಉದ್ದೇಶ.

ಹಿನ್ನೆಲೆ ಗೊತ್ತಿಲ್ಲದ ವೈದ್ಯರು, ದಣಿದ ಸಾಕುತಾಯಿ, ರಂಪ ಮಾಡುವ ಮಗು. ಈ ಮೂರೂ ಸೇರಿದ ಕಡೆ ಮಾತ್ರೆ ಬರೆಯುವುದು ಸುಲಭ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧಕ ಸಂಸ್ಥೆ 2011ರಲ್ಲಿ ಐದು ರಾಜ್ಯಗಳ ದಾಖಲೆ ತೆಗೆದು ನೋಡಿದಾಗ, ಅದೇ ಸರ್ಕಾರಿ ವಿಮೆಯಲ್ಲಿದ್ದ ಇತರ ಮಕ್ಕಳಿಗಿಂತ ಸಾಕುಮಕ್ಕಳಿಗೆ ಮನೋರೋಗದ ಔಷಧಿ ಬರೆದ ಪ್ರಮಾಣ 2.7ರಿಂದ 4.5 ಪಟ್ಟು ಹೆಚ್ಚಿತ್ತು. ಕೆಲವು ಮಕ್ಕಳಿಗೆ ಅದು ನಿಜಕ್ಕೂ ಬೇಕಿರಬಹುದು. ಆದರೆ ಇವುಗಳಲ್ಲಿ ಆಂಟಿಸೈಕೋಟಿಕ್ ಎಂಬ ಬಗೆಯವು ತೂಕ ಏರಿಸುತ್ತವೆ, ರಕ್ತದ ಸಕ್ಕರೆ ಕೆಡಿಸುತ್ತವೆ. ಹಸಿವಿನ ಭಯಕ್ಕೆ ತಿಂದು ಮೊದಲೇ ದಪ್ಪಗಾಗಿದ್ದ ಮಗುವಿಗೆ ಅದರ ಮೇಲೆ ಇದೂ.

ಹದಿನೆಂಟು ತುಂಬಿದ ಮೇಲೆ? ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ 21ರವರೆಗೆ ಇರಬಹುದು. ಆಮೇಲೆ ಕೈಯಲ್ಲಿ ಚೀಲ. ಭಾರತದ ಕಾಯ್ದೆ, ನಿಯಮಗಳಲ್ಲೂ ಸಂಸ್ಥೆ ಬಿಟ್ಟವರಿಗೆ 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ನೆರವು ಕೊಡಲು ಅವಕಾಶವಿದೆ. ಒರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳಲ್ಲಿ ಫಾಸ್ಟರ್ ಕೇರ್‌ನಲ್ಲಿ ಬೆಳೆದು 20ರಿಂದ 33 ವರ್ಷಕ್ಕೆ ಬಂದಿದ್ದ 659 ಮಂದಿಯ ಬಗ್ಗೆ 2005ರಲ್ಲಿ ಒಂದು ವರದಿ ಬಂತು. ನಾಲ್ವರಲ್ಲಿ ಒಬ್ಬರಿಗೆ, ಯುದ್ಧದಿಂದ ಮರಳಿದ ಸೈನಿಕರಲ್ಲಿ ಕಾಣುವ ಆಘಾತೋತ್ತರ ಒತ್ತಡದ ಕಾಯಿಲೆ ಇತ್ತು. ಸೈನಿಕರಲ್ಲಿ ಅದರ ಪ್ರಮಾಣ ಇಷ್ಟಿರಲಿಲ್ಲ. ಮೂವರಲ್ಲಿ ಒಬ್ಬರಿಗೆ ಆರೋಗ್ಯ ವಿಮೆ ಇರಲಿಲ್ಲ. ವಿಮೆ ಇಲ್ಲದೆ ಅಮೆರಿಕದಲ್ಲಿ ಕಾಯಿಲೆ ಬೀಳುವುದೆಂದರೆ ಏನೆಂದು ಅಲ್ಲಿರುವ ಕನ್ನಡಿಗರನ್ನು ಕೇಳಿದರೆ ತಿಳಿಯುತ್ತದೆ.

ಅಲ್ಲಿನ ತಂದೆತಾಯಿ ತಮ್ಮ ವಿಮೆಯಲ್ಲಿ ಮಕ್ಕಳನ್ನು 26 ವರ್ಷದವರೆಗೆ ಇಟ್ಟುಕೊಳ್ಳಬಹುದೆಂದು 2010ರ ಆರೋಗ್ಯ ಕಾನೂನು ಹೇಳಿತು. ಹಾಗಾದರೆ ಸರ್ಕಾರವೇ ತಂದೆತಾಯಿಯಾಗಿದ್ದ ಮಕ್ಕಳಿಗೂ ಅದೇ ಇರಲಿ ಎಂದು ಅವರನ್ನು ಮೆಡಿಕೇಯ್ಡ್ ಎಂಬ ಸರ್ಕಾರಿ ವಿಮೆಯಲ್ಲಿ 26ರವರೆಗೆ ಉಳಿಸಿಕೊಳ್ಳುವ ನಿಯಮ 2014ರಲ್ಲಿ ಜಾರಿಗೆ ಬಂತು. ಒಂದು ತೂತು ಉಳಿದಿತ್ತು. ಬೆಳೆದ ರಾಜ್ಯದಲ್ಲೇ ಇದ್ದರೆ ಮಾತ್ರ ವಿಮೆ ಖಾತ್ರಿ. ಕೆಲಸಕ್ಕೋ ಓದಿಗೋ ಪಕ್ಕದ ರಾಜ್ಯಕ್ಕೆ ಹೋದರೆ ಕೊಡುವುದು ಬಿಡುವುದು ಆ ರಾಜ್ಯದ ಮರ್ಜಿ. 2018ರಲ್ಲಿ ಸಂಸತ್ತು ಅದನ್ನೂ ಸರಿಪಡಿಸಿತು, ಆದರೆ 2023ರ ಜನವರಿ 1 ಅಥವಾ ಅದರ ನಂತರ 18 ತುಂಬಿದವರಿಗೆ ಮಾತ್ರ. ಅದಕ್ಕೂ ಒಂದು ದಿನ ಮೊದಲು ಹದಿನೆಂಟಾದವರು ರಾಜ್ಯದ ಗಡಿ ದಾಟುವಾಗ, 2030ರ ಕೊನೆಯಲ್ಲಿ 26 ತುಂಬುವವರೆಗೂ, ಹೋಗುವ ರಾಜ್ಯದ ಸರ್ಕಾರ ತಮ್ಮನ್ನು ಸೇರಿಸಿಕೊಳ್ಳುತ್ತದೆಯೇ ಎಂದು ಮೊದಲು ವಿಚಾರಿಸಿಕೊಳ್ಳಬೇಕು.